ವಿಡಿಯೋದೊಳಗಿನ ಒಂದು ಚಿತ್ರ ಗೋಡೆ ಏರುವವರೆಗೆ

"ಅಣ್ಣಾರ, ಅಜ್ಜಿದು ಒಂದೂ ಫೋಟೋ ಇಲ್ರಿ. ಕಾಕಾನ ಮದುವಿ ವಿಡಿಯೋದಾಗ ಕುಂತಾಳ. ಅದನ್ನ ಗೋಡಿಗೆ ಹಾಕೂವಷ್ಟು ದೊಡ್ಡದು ಮಾಡಿ ಕೊಡ್ರಿ."

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಸ್ಟುಡಿಯೋಗಳಿಗೂ ಡಿಟಿಪಿ ಅಂಗಡಿಗಳಿಗೂ ಈ ಮಾತು ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಮೇಳದವರು ಆಟದ ವಿಡಿಯೋ ತಂದು ಪೋಸ್ಟರ್ ಕೇಳುತ್ತಾರೆ. ಜಾತ್ರೆ ಕಮಿಟಿಯವರು ಹೋದ ವರ್ಷದ ತೇರಿನ ವಿಡಿಯೋ ಹಿಡಿದು ಬರುತ್ತಾರೆ. ಹೆಚ್ಚಿನ ಕಡೆ ನಡೆಯುವುದು ಇಷ್ಟು: ಮೊಬೈಲಿನಲ್ಲಿ ವಿಡಿಯೋ ನಿಲ್ಲಿಸಿ ಸ್ಕ್ರೀನ್‌ಶಾಟ್ ಹೊಡೆಯುವುದು, ಎಐ ತಂತ್ರಾಂಶಕ್ಕೆ ಹಾಕುವುದು, ಬಂದದ್ದನ್ನು ಪ್ರಿಂಟಿಗೆ ಕಳಿಸುವುದು. ಪೋಸ್ಟರ್ ಬಂದಾಗ ಮುಖ ನುಣ್ಣಗಿರುತ್ತದೆ, ಕಣ್ಣು ಹೊಳೆಯುತ್ತಿರುತ್ತವೆ. ಆದರೆ ಮನೆಯವರು ಒಂದು ಗಳಿಗೆ ನೋಡಿ ಸುಮ್ಮನಾಗುತ್ತಾರೆ. ಅದು ಅವರ ಅಜ್ಜಿ ಅಲ್ಲ.

ದೊಡ್ಡದು ಮಾಡುವ ಗುಂಡಿ ಒತ್ತುವ ಮುಂಚೆಯೇ ಪೋಸ್ಟರಿನ ಮುಕ್ಕಾಲು ಪಾಲು ತೀರ್ಮಾನ ಆಗಿಬಿಟ್ಟಿರುತ್ತದೆ. ಯಾವ ಫೈಲು ತೆಗೆದುಕೊಂಡಿರಿ, ಅದರಲ್ಲಿ ಯಾವ ಫ್ರೇಮು (ವಿಡಿಯೋದೊಳಗಿನ ಒಂದು ನಿಂತ ಚಿತ್ರ), ಆ ಫ್ರೇಮಿನ ಅಕ್ಕಪಕ್ಕದ ಎಷ್ಟು ಫ್ರೇಮುಗಳನ್ನು ದುಡಿಸಿಕೊಂಡಿರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಅದಕ್ಕೇ ಇಲ್ಲಿ ಆ ಮೊದಲ ಕೆಲಸಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು ಲೆಕ್ಕ ಹಾಕಿ, ಆಮೇಲೆ ಸೈಜು ಹೇಳಿ

ಫುಲ್ ಎಚ್‌ಡಿ ವಿಡಿಯೋದ ಒಂದು ಫ್ರೇಮು 1920×1080 ಪಿಕ್ಸೆಲ್, ಅಂದರೆ ಸುಮಾರು 2 ಮೆಗಾಪಿಕ್ಸೆಲ್. 4ಕೆ ಆದರೆ 3840×2160, ಸುಮಾರು 8.3 ಮೆಗಾಪಿಕ್ಸೆಲ್. ಹಳೆಯ ಕ್ಯಾಸೆಟ್ಟು, ಡಿವಿಡಿಗಳದ್ದು ಬರೀ 720×576.

ಲ್ಯಾಬಿನವರು ಇಂಚಿಗೆ 300 ಪಿಕ್ಸೆಲ್ ಕೇಳುತ್ತಾರೆ. ಆ ಲೆಕ್ಕದಲ್ಲಿ ಫುಲ್ ಎಚ್‌ಡಿ ಫ್ರೇಮು 6.4×3.6 ಇಂಚಿಗೆ ಮುಗಿದುಹೋಗುತ್ತದೆ. 4ಕೆ ಫ್ರೇಮು 12.8×7.2 ಇಂಚಿಗೆ. ಹಾಗಂತ ಕೈಚೆಲ್ಲಬೇಕಿಲ್ಲ. 300 ಎಂಬುದು ಕೈಯಲ್ಲಿ ಹಿಡಿದು ನೋಡುವ ಆಲ್ಬಮ್ಮಿನ ಲೆಕ್ಕ. ಪೋಸ್ಟರನ್ನು ಯಾರೂ ಮೂಗಿಗೆ ಹಚ್ಚಿ ನೋಡುವುದಿಲ್ಲ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸಣ್ಣ ಅಂತರವನ್ನು ಬೇರೆಬೇರೆಯಾಗಿ ಕಾಣುತ್ತದೆ. ಇದರಿಂದ ಹುಟ್ಟುವ ಸೂತ್ರ ಸರಳ: 3438ನ್ನು ನೋಡುವ ದೂರದಿಂದ (ಇಂಚಿನಲ್ಲಿ) ಭಾಗಿಸಿ. ಬಂದ ಸಂಖ್ಯೆಯೇ ಇಂಚಿಗೆ ಬೇಕಾದ ಪಿಕ್ಸೆಲ್. 2 ಅಡಿಯಿಂದ ನೋಡುವುದಾದರೆ 143 ಬೇಕು, 3 ಅಡಿಗೆ 95 ಸಾಕು, 5 ಅಡಿಗೆ 57, 10 ಅಡಿಗೆ 29.

ಈಗ 18×24 ಇಂಚಿನ ನಿಂತ ಪೋಸ್ಟರ್ ತೆಗೆದುಕೊಳ್ಳಿ. ಅಡ್ಡ ವಿಡಿಯೋದಿಂದ ಉದ್ದನೆಯ ಚಿತ್ರ ಕತ್ತರಿಸುವಾಗ ಫ್ರೇಮಿನ ಎತ್ತರವಷ್ಟೇ ಪೂರ್ತಿ ಸಿಗುತ್ತದೆ, ಎರಡೂ ಬದಿ ಹೋಗುತ್ತವೆ. 4ಕೆ ಫ್ರೇಮಿನ 2160 ಪಿಕ್ಸೆಲ್ ಎತ್ತರವನ್ನು 24 ಇಂಚಿಗೆ ಹಂಚಿದರೆ ಇಂಚಿಗೆ 90. ಮೂರು ಅಡಿಗಿಂತ ತುಸು ಆಚೆ ನಿಂತರೆ ಇದು ನಿಜವಾಗಿಯೂ ಚೊಕ್ಕ ಕಾಣುತ್ತದೆ, ಎಐ ಮುಟ್ಟಿಸುವ ಅಗತ್ಯವೇ ಇಲ್ಲ. ಫುಲ್ ಎಚ್‌ಡಿಗೆ ಇಂಚಿಗೆ 45, ನೋಡುವವರು ಆರು ಅಡಿಗಿಂತ ಆಚೆ ಇರಬೇಕು. ಹಳೆಯ ಡಿವಿಡಿಗೆ 24, ಹನ್ನೆರಡು ಅಡಿ ದೂರ. ಹಜಾರದ ಗೋಡೆಗೆ ಅಷ್ಟು ದೂರ ಎಲ್ಲಿಂದ ತರುವುದು? ಡಿವಿಡಿ ತಂದವರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಬೇಕು.

ಮುಖದ ಚಿತ್ರಕ್ಕೆ ಇನ್ನೊಂದು ಅಳತೆ ಇದೆ. ಇಡೀ ಫ್ರೇಮನ್ನು ಬಿಟ್ಟು ಮುಖದ ಅಗಲವನ್ನಷ್ಟೇ ಪಿಕ್ಸೆಲ್‌ನಲ್ಲಿ ಅಳೆಯಿರಿ. ಮಂಟಪದ ಮೂಲೆಯಲ್ಲಿ ಕುಳಿತ ಅಜ್ಜಿಯ ಮುಖ ಹಳೆಯ ವಿಡಿಯೋದಲ್ಲಿ 90 ಪಿಕ್ಸೆಲ್ ಅಗಲ ಇದ್ದರೆ, 5 ಅಡಿಯಿಂದ ನೋಡುವ ಲೆಕ್ಕದಲ್ಲಿ ಅದು ಒಂದೂವರೆ ಇಂಚಿನ ಮುಖಕ್ಕೆ ಸಾಕು. ಅದನ್ನು ಆರು ಇಂಚಿಗೆ ಎಳೆಯುವುದಕ್ಕಿಂತ, ಫೋಟೋವನ್ನು ಚಿಕ್ಕದಾಗಿಯೇ ಇಟ್ಟು ಸುತ್ತ ಅಗಲವಾದ ಬಿಳಿ ಅಂಚು ಬಿಟ್ಟು 12×18ರ ಚೌಕಟ್ಟು ಹಾಕಿಸುವುದು ಎಷ್ಟೋ ಮೇಲು. ಗೋಡೆ ತುಂಬುತ್ತದೆ, ಮುಖವೂ ಉಳಿಯುತ್ತದೆ.

ಮೂಲ ಫೈಲು ಹುಡುಕಿ

ವಾಟ್ಸಾಪಿನಲ್ಲಿ ಬಂದ ವಿಡಿಯೋ ಪೋಸ್ಟರಿಗೆ ಆಗುವುದಿಲ್ಲ. ಕಳಿಸುವಾಗ ಅದನ್ನು ಹಿಂಡಿ ಚಿಕ್ಕದು ಮಾಡಿರುತ್ತಾರೆ; ಹೋದ ವಿವರ ಮತ್ತೆ ಬರುವುದಿಲ್ಲ. ಯಾರ ಮೊಬೈಲಿನಲ್ಲಿ ತೆಗೆದರೋ ಅವರಿಂದಲೇ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ತರಿಸಿ. ಬಂದ ಫೈಲಿನ ಪ್ರಾಪರ್ಟೀಸ್ ತೆರೆದು ಅಗಲ, ಎತ್ತರ ನೋಡಿಕೊಳ್ಳಿ. 'ಎಚ್‌ಡಿ ಐತ್ರಿ' ಎಂದವರ ಫೈಲು 640×352 ಇರುವುದುಂಟು.

ಮದುವೆ ವಿಡಿಯೋ ಆದರೆ ವಿಡಿಯೋದವರ ಹತ್ತಿರ ಹಾರ್ಡ್‌ಡಿಸ್ಕಿನಲ್ಲಿ ಕ್ಯಾಮೆರಾದ ಮೂಲ ಕ್ಲಿಪ್ಪು ಉಳಿದಿದೆಯೇ ಕೇಳಿ. ಎಡಿಟ್ ಆದ ವಿಡಿಯೋ ಎರಡನೇ ಸಲ ಹಿಂಡಿದ್ದು, ಮೇಲೆ ಹೂವು ಉದುರಿಸಿರುತ್ತಾರೆ, ಬಣ್ಣ ಏರಿಸಿರುತ್ತಾರೆ. ಹಣ ಕೊಟ್ಟು ತೆಗೆಸಿದ ಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿದವರೇ ಮೊದಲ ಒಡೆಯರು. ಹೀಗಾಗಿ ಮನೆಯವರು ಕೇಳುವುದರಲ್ಲಿ ಸಂಕೋಚ ಬೇಡ. ಮಂದಿಯ ವಿಡಿಯೋ ಆದರೆ ಮಾತ್ರ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಡಿವಿಡಿ ಇದ್ದರೆ ಅದರ 'ವಿಡಿಯೋ ಟಿಎಸ್' ಫೋಲ್ಡರಿನೊಳಗಿನ ವಿಒಬಿ ಫೈಲುಗಳನ್ನೇ ನೇರ ಕಂಪ್ಯೂಟರಿಗೆ ಕಾಪಿ ಮಾಡಿ. ಎಂಪಿ4ಗೆ ಕನ್ವರ್ಟ್ ಮಾಡಬೇಡಿ. ಮಿನಿ ಡಿವಿ ಕ್ಯಾಸೆಟ್ ಇನ್ನೂ ಮನೆಯಲ್ಲಿದ್ದರೆ ಅದು ಡಿವಿಡಿಗಿಂತ ಒಳ್ಳೆಯ ಮೂಲ. ಫೈರ್‌ವೈರ್ ಕೇಬಲ್ಲಿನಿಂದ ಇಳಿಸಿದರೆ ಟೇಪಿನಲ್ಲಿ ಇದ್ದದ್ದು ಇದ್ದ ಹಾಗೇ ಬರುತ್ತದೆ. ಟೇಪಿನ ಸುರುಳಿಯ ಮೇಲೆ ಬೆಳ್ಳಗೆ ಬೂಷ್ಟು ಕಂಡರೆ ಪ್ಲೇಯರಿಗೆ ಹಾಕಬೇಡಿ, ಹೆಡ್ ಮತ್ತು ಟೇಪು ಎರಡೂ ಕೆಡುತ್ತವೆ.

ಸ್ಕ್ರೀನ್‌ಶಾಟ್ ಬೇಡ, ಫ್ರೇಮು ತೆಗೆಯಿರಿ

ಸ್ಕ್ರೀನ್‌ಶಾಟ್ ಕೊಡುವುದು ಮೊಬೈಲಿನ ಪರದೆಯ ಪಿಕ್ಸೆಲ್‌ಗಳನ್ನು, ವಿಡಿಯೋದ್ದಲ್ಲ. 1080 ಪಿಕ್ಸೆಲ್ ಅಗಲದ ಮೊಬೈಲನ್ನು ನೆಟ್ಟಗೆ ಹಿಡಿದು ಅಡ್ಡ ವಿಡಿಯೋ ನೋಡುವಾಗ ಚಿತ್ರ 1080×608ರಷ್ಟೇ ಇರುತ್ತದೆ. ಮೂಲ 4ಕೆ ಆಗಿದ್ದರೆ ಹನ್ನೆರಡರಲ್ಲಿ ಹನ್ನೊಂದು ಪಾಲು ಅಲ್ಲೇ ಹೋಯಿತು.

ಕಂಪ್ಯೂಟರಿನಲ್ಲಿ ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಸಾಕು. ವಿಡಿಯೋ ನಿಲ್ಲಿಸಿ 'ಇ' ಕೀ ಒತ್ತಿದರೆ ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ. ಬೇಕಾದದ್ದು ಬಂದಾಗ ವಿಂಡೋಸಿನಲ್ಲಿ ಶಿಫ್ಟ್ ಮತ್ತು 'ಎಸ್' ಒತ್ತಿ. ಪ್ರಿಫರೆನ್ಸಸ್‌ನ ವಿಡಿಯೋ ಭಾಗದಲ್ಲಿ ಸ್ನ್ಯಾಪ್‌ಶಾಟ್ ಫಾರ್ಮ್ಯಾಟ್ ಪಿಎನ್‌ಜಿ ಇರಲಿ; ಜೆಪೆಗ್ ಆದರೆ ಹಿಂಡಿದ್ದನ್ನೇ ಮತ್ತೆ ಹಿಂಡಿದಂತೆ. ಎಡಿಟಿಂಗಿನ ಪ್ರೀಮಿಯರ್ ತಂತ್ರಾಂಶ ಬಳಸುವವರಿಗೆ ಪ್ರೋಗ್ರಾಂ ಕಿಟಕಿಯ ಕೆಳಗೆ ಕ್ಯಾಮೆರಾ ಗುರುತಿನ 'ಎಕ್ಸ್‌ಪೋರ್ಟ್ ಫ್ರೇಮ್' ಗುಂಡಿ ಇದೆ. ಅಲ್ಲಿಯೂ ಪಿಎನ್‌ಜಿ ಅಥವಾ ಟಿಫ್.

ತೆಗೆದ ಚಿತ್ರವನ್ನು ಮೂರು ಬಗೆಯಲ್ಲಿ ಪರೀಕ್ಷಿಸಿ.

ಒಂದು, ಬಾಚಣಿಗೆ ಗೆರೆ. ಹಳೆಯ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಅರ್ಧಗಳಾಗಿ, ಬೆಸ ಗೆರೆಗಳದ್ದು ಒಂದು, ಸಮ ಗೆರೆಗಳದ್ದು ಇನ್ನೊಂದು, ಎಂದು ಒಂದಾದ ಮೇಲೊಂದು ಹಿಡಿಯುತ್ತಿದ್ದವು. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಕೈ ಅಲ್ಲಾಡಿದರೆ ಅದರ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ. ವಿಎಲ್‌ಸಿಯಲ್ಲಿ ವಿಡಿಯೋ ಮೆನುವಿನ ಡಿಇಂಟರ್‌ಲೇಸ್ ಆನ್ ಮಾಡಿ, ಮೋಡ್ 'ಯಾಡಿಫ್' ಇಟ್ಟು ಮತ್ತೆ ತೆಗೆಯಿರಿ. ಇದನ್ನು ಬಿಟ್ಟು ದೊಡ್ಡದು ಮಾಡಿದರೆ ತಂತ್ರಾಂಶ ಆ ಹಲ್ಲುಗಳನ್ನೇ ವಿವರ ಎಂದುಕೊಂಡು ಇನ್ನೂ ಚೂಪು ಮಾಡುತ್ತದೆ.

ಎರಡು, ಮುಖದ ಆಕಾರ. ಹಳೆಯ ವಿಡಿಯೋದ ಪಿಕ್ಸೆಲ್ ಚೌಕವಲ್ಲ. ನಿಮ್ಮ ಚಿತ್ರ 720×576 ಬಂದಿದ್ದರೆ, ಉದ್ದ-ಅಗಲದ ಕೊಂಡಿ ಬಿಚ್ಚಿ ಅಗಲವನ್ನು 768 ಮಾಡಿ. ವೈಡ್‌ಸ್ಕ್ರೀನ್ ಆಗಿದ್ದರೆ 1024. 1440×1080 ಬಂದರೆ 1920×1080 ಮಾಡಿ. ಬಿಟ್ಟರೆ ಎಲ್ಲರೂ ತುಸು ತೆಳ್ಳಗಾಗಿ ಕಾಣುತ್ತಾರೆ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ.

ಮೂರು, ಕಪ್ಪು ಬಿಳುಪು. ವಿಡಿಯೋದಲ್ಲಿ ಕಪ್ಪು 16ಕ್ಕೆ, ಬಿಳಿ 235ಕ್ಕೆ ಇರುತ್ತದೆ; ಫೋಟೋದಲ್ಲಿ 0 ಮತ್ತು 255. ಬದಲಾವಣೆ ಸರಿಯಾಗದಿದ್ದರೆ ಚಿತ್ರ ಬೂದಿ ಬಳಿದಂತೆ ಇರುತ್ತದೆ. ಲೆವೆಲ್ಸ್ ತೆರೆದು ಎರಡೂ ತುದಿ ನೋಡಿ. ಹೊಸ ಮೊಬೈಲಿನ ಎಚ್‌ಡಿಆರ್ ವಿಡಿಯೋದಲ್ಲೂ ಇದೇ ಮಂಕು ಬರುತ್ತದೆ. ಪೋಸ್ಟರಿಗೆಂದೇ ಶೂಟ್ ಮಾಡುವುದಾದರೆ ಎಚ್‌ಡಿಆರ್ ಆಫ್ ಮಾಡಿಯೇ ಶುರು ಮಾಡಿ.

ಯಾವ ಫ್ರೇಮು?

ಒಳ್ಳೆಯ ಭಾವ ಇರುವ ಫ್ರೇಮೇ ಒಳ್ಳೆಯ ಫ್ರೇಮು ಆಗಿರುವುದಿಲ್ಲ. ವಿಡಿಯೋ ಫೈಲಿನಲ್ಲಿ ಎಲ್ಲ ಫ್ರೇಮೂ ಪೂರ್ತಿ ಚಿತ್ರ ಅಲ್ಲ. ಆಗಾಗ ಒಂದು ಪೂರ್ತಿ ಫ್ರೇಮು ಇಟ್ಟು, ನಡುವಿನವುಗಳಲ್ಲಿ 'ಹಿಂದಿನದಕ್ಕಿಂತ ಏನು ಬದಲಾಯಿತು' ಎಂಬುದನ್ನಷ್ಟೇ ಬರೆದಿಡುತ್ತಾರೆ. ಚಲನೆ ಜಾಸ್ತಿ ಆದಂತೆ ಬರೆಯಬೇಕಾದದ್ದು ಜಾಸ್ತಿ, ಜಾಗ ಅಷ್ಟೇ. ಆಗ ವಿವರವನ್ನು ಬಿಟ್ಟು ಚೌಕ ಚೌಕ ಬಣ್ಣ ತುಂಬುತ್ತಾರೆ.

ಇದು ಎದ್ದು ಕಾಣುವುದು ನಮ್ಮ ಜಾತ್ರೆಗಳಲ್ಲಿ. ಭಂಡಾರ ಹಾರುವ ಕ್ಷಣವನ್ನೇ ಎಲ್ಲರೂ ಪೋಸ್ಟರಿಗೆ ಕೇಳುತ್ತಾರೆ. ಆದರೆ ಗಾಳಿ ತುಂಬ ಅರಿಸಿನದ ಪುಡಿ ಇದ್ದಾಗ ಸಾವಿರಾರು ಕಣ ಬೇರೆಬೇರೆ ದಿಕ್ಕಿಗೆ ಹೋಗುತ್ತವೆ, ಕ್ಯಾಮೆರಾಕ್ಕೆ ಅಷ್ಟನ್ನೂ ಬರೆದಿಡಲು ಆಗುವುದಿಲ್ಲ. ಹಿಗ್ಗಿಸಿ ನೋಡಿದರೆ ಪುಡಿ ಇರಬೇಕಾದಲ್ಲಿ ಹಳದಿ ಇಟ್ಟಿಗೆಗಳು, ಅವುಗಳ ಹಿಂದಿನ ಮುಖಗಳೂ ಕಲಸಿಹೋಗಿರುತ್ತವೆ. ಭಂಡಾರ ಎರಚಿದ ಒಂದೆರಡು ಸೆಕೆಂಡಿನ ನಂತರ, ಪುಡಿ ಹರಡಿ ನಿಧಾನವಾಗಿ ಇಳಿಯುವಾಗಿನ ಫ್ರೇಮು ನೋಡಿ. ಹಳದಿ ಮೋಡ ಇರುತ್ತದೆ, ಮುಖಗಳೂ ಇರುತ್ತವೆ. ಬಾಗಲಕೋಟೆಯ ಹೋಳಿ ಬಣ್ಣದಾಟಕ್ಕೂ ಇದೇ ಮಾತು.

ಮನುಷ್ಯರ ಚಲನೆಯಲ್ಲಿ ಒಂದು ಗಳಿಗೆಯ ತಡೆ ಇದ್ದೇ ಇರುತ್ತದೆ. ಕೈ ಎತ್ತಿ ಇಳಿಸುವ ಮೊದಲು, ಹೆಜ್ಜೆ ಊರಿದ ಮೇಲೆ, ಮಾತು ಮುಗಿದು ಉಸಿರು ತೆಗೆದುಕೊಳ್ಳುವಾಗ. ಪಾರಿಜಾತದ ಪಾತ್ರಧಾರಿ ಕುಣಿಯುವಾಗ ಹುಡುಕಬೇಡಿ. ಕುಣಿತದ ಕೊನೆಗೆ ಕೈ ಚಾಚಿ ನಿಲ್ಲುವಾಗ ಹುಡುಕಿ. ನೂರು ಪರ್ಸೆಂಟಿಗೆ ಹಿಗ್ಗಿಸಿ ಕಣ್ಣಿನ ರೆಪ್ಪೆಗೆರೆ ನೋಡಿ. ಅದು ಒಂದೇ ಗೆರೆಯಾಗಿದ್ದರೆ ಫ್ರೇಮು ಆಗುತ್ತದೆ, ಎರಡಾಗಿ ಕಂಡರೆ ಮುಂದಕ್ಕೆ ಹೋಗಿ.

ಹೊಸದಾಗಿ ಚಿತ್ರೀಕರಿಸುವ ಅವಕಾಶ ಇದ್ದರೆ 4ಕೆ ಇಡಿ, ಹಗಲಿನಲ್ಲಿ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/250 ಅಥವಾ ಅದಕ್ಕಿಂತ ವೇಗ ಇಡಿ. ವಿಡಿಯೋದವರು ರೂಢಿಯಲ್ಲಿ ಇಡುವ 1/50 ನೋಡಲು ಹಿತ, ಆದರೆ ನಿಲ್ಲಿಸಿದ ಫ್ರೇಮಿನಲ್ಲಿ ಎಲ್ಲ ಕೈಗಳೂ ಅಲುಗಿರುತ್ತವೆ. ಕಲ್ಯಾಣ ಮಂಟಪದ ಒಳಗೆ ಮಾತ್ರ 1/100 ದಾಟಬೇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ ನೂರು ಸಲ ಮಿಡಿಯುತ್ತದೆ. ಅದಕ್ಕೆ ಹೊಂದದ ಶಟರ್ ಇಟ್ಟರೆ ಫ್ರೇಮಿನ ಮೇಲೆ ಅಡ್ಡ ಪಟ್ಟಿ ಬೀಳುತ್ತದೆ.

ಒಂದಕ್ಕೆ ಬದಲು ಒಂಬತ್ತು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವುದು, ಅತಿ ಕಡಿಮೆ ಮಂದಿ ಮಾಡುವುದು ಇದನ್ನೇ. ಅಜ್ಜಿ ಕುಳಿತ ಕಡೆ ಎರಡು ಸೆಕೆಂಡು ಅಲ್ಲಾಡದೆ ಕುಳಿತಿದ್ದರೆ ಅಲ್ಲಿ ಒಂದಲ್ಲ, 50 ಚಿತ್ರ ಇವೆ. ಮುಖ ಎಲ್ಲದರಲ್ಲೂ ಅದೇ; ಕಲೆ, ಕಾಳು (ಮರಳಿನಂಥ ಚುಕ್ಕಿ, ನಾಯ್ಸ್), ಚೌಕ ಮಾತ್ರ ಪ್ರತಿಯೊಂದರಲ್ಲೂ ಬೇರೆ. ಕೂಡಿಸಿ ಸರಾಸರಿ ತೆಗೆದರೆ ಮುಖ ಉಳಿದು ಗದ್ದಲ ತಗ್ಗುತ್ತದೆ. ತಗ್ಗುವುದು ವರ್ಗಮೂಲದ ಲೆಕ್ಕದಲ್ಲಿ: 4 ಫ್ರೇಮಿಗೆ ಅರ್ಧ, 9ಕ್ಕೆ ಮೂರನೇ ಒಂದು, 16ಕ್ಕೆ ಕಾಲು. ಒಂಬತ್ತರ ಮೇಲೆ ಶ್ರಮಕ್ಕೆ ತಕ್ಕ ಲಾಭ ಇಲ್ಲ.

ಒಂದರ ಹಿಂದೆ ಒಂದು ಫ್ರೇಮು ತೆಗೆಯಬೇಡಿ. ಪಕ್ಕದ ಫ್ರೇಮಿಗೆ ಹಿಂದಿನದರ ಕಲೆಯೇ ನಕಲಾಗಿರುತ್ತದೆ, ಸರಾಸರಿಯಲ್ಲಿ ಅದು ಹೋಗುವುದಿಲ್ಲ. ನಾಲ್ಕೈದು ಫ್ರೇಮು ಬಿಟ್ಟು ಒಂದರಂತೆ ತೆಗೆಯಿರಿ. ಕಣ್ಣು ಮುಚ್ಚಿದ್ದು, ತಲೆ ತಿರುಗಿದ್ದು ಕೈಬಿಡಿ.

ಫೋಟೋಶಾಪಿನಲ್ಲಿ ಫೈಲ್ ಮೆನುವಿನ ಸ್ಕ್ರಿಪ್ಟ್ಸ್ ಒಳಗೆ 'ಲೋಡ್ ಫೈಲ್ಸ್ ಇಂಟು ಸ್ಟ್ಯಾಕ್' ಇದೆ. ಒಂಬತ್ತನ್ನೂ ಆರಿಸಿ ತೆರೆಯಿರಿ. ಇಮೇಜ್ ಸೈಜಿನಲ್ಲಿ 200 ಪರ್ಸೆಂಟ್ ಮಾಡಿ, ಆಮೇಲೆ ಎಲ್ಲ ಲೇಯರ್ ಆರಿಸಿ 'ಆಟೋ ಅಲೈನ್' ಕೊಡಿ. ಈ ಕ್ರಮ ಮುಖ್ಯ. ಕೈಯಲ್ಲಿ ಹಿಡಿದ ಕ್ಯಾಮೆರಾ ಅರ್ಧ ಪಿಕ್ಸೆಲ್, ಕಾಲು ಪಿಕ್ಸೆಲ್ ಸರಿದಿರುತ್ತದೆ. ಮೊದಲೇ ದೊಡ್ಡದು ಮಾಡಿ ಜೋಡಿಸಿದರೆ ಆ ಸಣ್ಣ ಸರಿದಾಟವೇ ಹೊಸ ವಿವರ ಆಗುತ್ತದೆ. ಆಮೇಲೆ ಸ್ಮಾರ್ಟ್ ಆಬ್ಜೆಕ್ಟ್ ಮಾಡಿ, ಲೇಯರ್ ಮೆನುವಿನ ಸ್ಟ್ಯಾಕ್ ಮೋಡಿನಲ್ಲಿ 'ಮೀಡಿಯನ್' ಆರಿಸಿ.

ಉಚಿತ ಗಿಂಪ್‌ನಲ್ಲಿಯೂ ಆಗುತ್ತದೆ, ಕೈಕೆಲಸ ಹೆಚ್ಚು. ಒಂಬತ್ತನ್ನೂ ಲೇಯರ್‌ಗಳಾಗಿ ತೆರೆದು ದುಪ್ಪಟ್ಟು ಮಾಡಿ. ಕೆಳಗಿನದನ್ನು ಬಿಟ್ಟು ಉಳಿದವನ್ನು ಮರೆಮಾಡಿ. ಎರಡನೆಯದನ್ನು ತೋರಿಸಿ, ಅದರ ಮೋಡನ್ನು 'ಡಿಫರೆನ್ಸ್' ಮಾಡಿ. ಈಗ ಪರದೆ ಬಹುತೇಕ ಕಪ್ಪಾಗುತ್ತದೆ, ಹೊಂದದ ಕಡೆ ಮಾತ್ರ ಬೆಳ್ಳಗಿನ ಅಂಚು ಕಾಣುತ್ತದೆ. ಅಜ್ಜಿಯ ಮೂಗುತಿಯ ಹರಳಿಗೆ ಹಿಗ್ಗಿಸಿ. ಎರಡು ಚುಕ್ಕಿ ಕಾಣುತ್ತವೆ. ಬಾಣದ ಕೀಲಿಯಿಂದ ಒಂದೊಂದೇ ಪಿಕ್ಸೆಲ್ ಸರಿಸುತ್ತ ಹೋಗಿ. ಎರಡೂ ಚುಕ್ಕಿ ಒಂದರ ಮೇಲೊಂದು ಬಿದ್ದು ಕತ್ತಲಲ್ಲಿ ಕರಗಿದಾಗ ಲೇಯರ್ ಹೊಂದಿತು. ಮೋಡನ್ನು ನಾರ್ಮಲ್‌ಗೆ ತನ್ನಿ. ಎಲ್ಲ ಹೊಂದಿಸಿದ ಮೇಲೆ ಕೆಳಗಿನಿಂದ ಮೇಲಕ್ಕೆ ಒಪ್ಯಾಸಿಟಿ ಹೀಗೆ ಇಡಿ: 100, 50, 33, 25, 20, 17, 14, 12.5, 11. ಎಲ್ಲಕ್ಕೂ ಸಮಪಾಲು ಸಿಗುತ್ತದೆ.

ಹಿಂದೆ ಮಂದಿ ಓಡಾಡುತ್ತಿದ್ದರೆ ಅವರು ದೆವ್ವದ ಹಾಗೆ ಕಾಣುತ್ತಾರೆ. ಮುಖ ಮತ್ತು ಮೈಯನ್ನು ಸರಾಸರಿಯಿಂದ ತೆಗೆದುಕೊಂಡು, ಹಿನ್ನೆಲೆಯನ್ನು ಒಂದೇ ಫ್ರೇಮಿನಿಂದ ಮಾಸ್ಕ್ ಮಾಡಿ ಕೂಡಿಸಿ.

ಇಳಕಲ್ ಸೆರಗು ಯಾಕೆ ಕಲಸಿಹೋಗುತ್ತದೆ

ವಿಡಿಯೋದಲ್ಲಿ ಬೆಳಕಿನ ಏರಿಳಿತ ಪೂರ್ತಿ ಪಿಕ್ಸೆಲ್‌ಗೆ ಬರೆದಿರುತ್ತದೆ, ಬಣ್ಣ ಮಾತ್ರ ಅರ್ಧ ಅಗಲ, ಅರ್ಧ ಎತ್ತರಕ್ಕೆ. ಫುಲ್ ಎಚ್‌ಡಿಯಲ್ಲಿ ಬಣ್ಣದ ಚಿತ್ರ 960×540 ಅಷ್ಟೇ. ಸಾಮಾನ್ಯವಾಗಿ ಕಣ್ಣಿಗೆ ತಿಳಿಯುವುದಿಲ್ಲ. ಗಾಢ ಕೆಂಪು ಕಪ್ಪಿನ ಪಕ್ಕ ಬಂದಾಗ ತಿಳಿಯುತ್ತದೆ, ಇಳಕಲ್ ಸೀರೆಯಲ್ಲಿ ಇರುವುದೇ ಅದು: ಕಪ್ಪು ಅಥವಾ ನೀಲಿ ಒಡಲು, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿ ತೆನೆ. ದೊಡ್ಡದು ಮಾಡಿದಾಗ ಕೆಂಪು ಒಡಲಿನ ಮೇಲೆ ಹರಿದು, ಬಿಳಿ ತೆನೆ ಗುಲಾಬಿಯಾಗಿರುತ್ತದೆ.

ಅಂಚು ಬೆಳಕಿನಲ್ಲಿ ಇದ್ದೇ ಇದೆ, ಬಣ್ಣ ಮಾತ್ರ ದಾಟಿದೆ. ಹಾಗಾಗಿ ಮೇಲೊಂದು ಖಾಲಿ ಲೇಯರ್ ಹಾಕಿ ಅದರ ಮೋಡನ್ನು 'ಕಲರ್' ಮಾಡಿ. ಸೆರಗಿನ ನಡುವಿನಿಂದ ಕೆಂಪನ್ನು ಎತ್ತಿಕೊಂಡು ಅಂಚಿನವರೆಗೆ ಮೆತ್ತನೆಯ ಬ್ರಷ್ಷಿನಿಂದ ಬಳಿಯಿರಿ. ಒಡಲಿನ ಬಣ್ಣ ಎತ್ತಿಕೊಂಡು ಆಚೆ ಬದಿಯಿಂದ ಬಳಿಯಿರಿ. ಬಿಳಿ ತೆನೆಗೆ ಬೂದು ಬಣ್ಣ ಸಾಕು, ಗುಲಾಬಿ ಹೋಗುತ್ತದೆ. ಅರ್ಧ ತಾಸಿನ ಕೆಲಸ. ಕುಂಕುಮಕ್ಕೂ ಹೀಗೇ, ಹಣೆಯ ಮೇಲೆ ಹರಡಿದ ಕೆಂಪು ದುಂಡಗೆ ಆದಾಗ ಇಡೀ ಮುಖ ತಿಳಿಯಾಗುತ್ತದೆ.

ದೊಡ್ಡದು ಮಾಡುವ ಹೊತ್ತು

ಚಿತ್ರವನ್ನು 16 ಬಿಟ್‌ಗೆ (ಬಣ್ಣದ ಮೆಟ್ಟಿಲು ಹೆಚ್ಚು ಸಣ್ಣಗಿರುವ ಬಗೆಗೆ) ಬದಲಿಸಿ. 18×24ಕ್ಕೆ ಇಂಚಿಗೆ 150ರಂತೆ 2700×3600 ಪಿಕ್ಸೆಲ್ ಗುರಿ ಇರಲಿ. ಎರಡು ಪಟ್ಟಿನವರೆಗೆ ಫೋಟೋಶಾಪಿನ 'ಪ್ರಿಸರ್ವ್ ಡೀಟೇಲ್ಸ್ 2.0' ಅಥವಾ ಗಿಂಪ್‌ನ 'ನೋಹ್ಯಾಲೋ' ಸಾಕು. ಅದಕ್ಕಿಂತ ಹೆಚ್ಚು ಬೇಕಾದಾಗ ಎಐ ತಂತ್ರಾಂಶ. 'ಅಪ್‌ಸ್ಕೇಲ್' (Upscayl) ಎಂಬುದು ಉಚಿತ, ಇಂಟರ್ನೆಟ್ಟಿಗೆ ಫೋಟೋ ಕಳಿಸದೆ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ. ಗ್ರಾಫಿಕ್ ಕಾರ್ಡ್ ಬೇಕು.

ಎಐ ಕಾಣದ್ದನ್ನು ಕಾಣಿಸುವುದಿಲ್ಲ, ಊಹಿಸಿ ಬರೆಯುತ್ತದೆ. ಬಾದಾಮಿಯ ಕೆಂಪು ಬಂಡೆ, ಮರದ ಎಲೆ, ಧೋತರದ ನೆರಿಗೆ, ಇವುಗಳಲ್ಲಿ ಊಹೆ ತಪ್ಪಿದರೂ ನಷ್ಟ ಇಲ್ಲ. ಮುಖದಲ್ಲಿ ತಪ್ಪಿದರೆ ಮನುಷ್ಯರೇ ಬದಲಾಗುತ್ತಾರೆ. ಬಿದ್ದ ಹಲ್ಲಿನ ಜಾಗದಲ್ಲಿ ಹಲ್ಲು ಬರುತ್ತದೆ, ಹಣೆಯ ಹಚ್ಚೆ ಮಾಯ, ಕಿವಿಯ ಬುಗುಡಿ ಇನ್ನೇನೋ ಆಗುತ್ತದೆ.

ಇದಕ್ಕೆ ಮಾಡಬೇಕಾದದ್ದು ಹೀಗೆ. ಒಂದೇ ಅಳತೆಗೆ ಎರಡು ಚಿತ್ರ ಮಾಡಿ, ಒಂದು ಸಾದಾ ಹಿಗ್ಗಿಸಿದ್ದು, ಇನ್ನೊಂದು ಎಐದು. ಎಐದನ್ನು ಮೇಲಿಟ್ಟು, ಲೇಯರ್ ಪಟ್ಟಿಯಲ್ಲಿ ಅದರ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ತೋರಿಸಿ, ಮರೆಸಿ, ಮತ್ತೆ ತೋರಿಸಿ. ಕಣ್ಣಿನ ಹೊರತುದಿ, ಬಾಯಿಯ ಮೂಲೆ, ದವಡೆಯ ಗೆರೆ ಜಾಗ ಬಿಟ್ಟು ಜಿಗಿಯುತ್ತವೆಯೇ ನೋಡಿ. ಜಿಗಿದರೆ ಮುಖದ ಮೇಲೆ ಎಐ ಲೇಯರನ್ನು ಪೂರ್ತಿ ಅಳಿಸಿ. ಜಿಗಿಯದಿದ್ದರೂ ಮುಖದ ಮೇಲೆ 30ರಿಂದ 40 ಪರ್ಸೆಂಟಿಗೆ ನಿಲ್ಲಿಸಿ, ಸೀರೆ, ಕಂಬ, ಚಪ್ಪರಕ್ಕೆ ಪೂರ್ತಿ ಬಿಡಿ. 'ಫೇಸ್ ಎನ್‌ಹ್ಯಾನ್ಸ್' ಎಂಬ ಗುಂಡಿ ಇದ್ದರೆ ಅದನ್ನು ಮುಟ್ಟಬೇಡಿ. ತುಸು ಮಸುಕಾದ ಅಜ್ಜಿಯನ್ನು ಮನೆಯವರು ಗುರುತಿಸುತ್ತಾರೆ.

ಅಕ್ಷರದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಹಿಂದಿನ ಬೋರ್ಡಿನ ಕನ್ನಡ ಅಕ್ಷರಗಳನ್ನು ಎಐ ಯಾವ ಲಿಪಿಯೂ ಅಲ್ಲದ ಸುರುಳಿ ಮಾಡಿಬಿಡುತ್ತದೆ, ಒತ್ತಕ್ಷರ ಮೊದಲು ಹೋಗುತ್ತದೆ. ಬೋರ್ಡು ಬೇಕೇ ಇದ್ದರೆ ಹೊಸದಾಗಿ ಟೈಪ್ ಮಾಡಿ ಅದರ ಓರೆಗೆ ಹೊಂದಿಸಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಂಥದ್ದು ಫ್ರೇಮಿನಲ್ಲಿದ್ದರೆ ಆ ಭಾಗಕ್ಕೆ ಎಐ ಸೋಕಿಸಲೇಬಾರದು. ಒಂದು ಗೆರೆ ಬದಲಾದರೂ ಅದು ಸುಳ್ಳು ಶಾಸನ.

ಗೋಳಗುಮ್ಮಟದಂಥ ಚಿತ್ರದಲ್ಲಿ ತೊಂದರೆ ಗುಮ್ಮಟದ್ದಲ್ಲ, ಅದರ ಹಿಂದಿನ ಆಕಾಶದ್ದು. ತಿಳಿನೀಲಿಯಿಂದ ಬಿಳಿಗೆ ಹೋಗುವ ಕಡೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತದೆ. ಆಕಾಶವನ್ನಷ್ಟೇ ಆರಿಸಿ 16 ಬಿಟ್‌ನಲ್ಲಿ ಮೆತ್ತಗೆ ಬ್ಲರ್ ಮಾಡಿ, ಮೇಲೆ 2 ಪರ್ಸೆಂಟ್ ಕಾಳು ಸೇರಿಸಿ.

ಈ ಕಾಳು ಕೊನೆಗೆ ಇಡೀ ಚಿತ್ರಕ್ಕೂ ಬೇಕು. ದೊಡ್ಡದು ಮಾಡಿದ ಚರ್ಮ ಮೇಣದ ಗೊಂಬೆಯಂತೆ ಇರುತ್ತದೆ. 'ಆ್ಯಡ್ ನಾಯ್ಸ್' ಒಳಗೆ ಗಾಸಿಯನ್, ಮಾನೋಕ್ರೋಮ್, 2ರಿಂದ 4 ಪರ್ಸೆಂಟ್ ಹಾಕಿದರೆ ಕಣ್ಣು ಅದನ್ನು ವಿವರ ಎಂದೇ ಓದುತ್ತದೆ. ಅದಕ್ಕೂ ಮುಂಚೆ ಒಂದೇ ಸಲ ಅನ್‌ಶಾರ್ಪ್ ಮಾಸ್ಕ್: ಅಮೌಂಟ್ 100ರ ಆಸುಪಾಸು, ರೇಡಿಯಸ್ 1.5, ಥ್ರೆಶೋಲ್ಡ್ 3. ಮೊದಲೇ ಚೂಪು ಮಾಡಿ ಆಮೇಲೆ ಹಿಗ್ಗಿಸಿದರೆ ತಲೆಯ ಸುತ್ತ ಬಿಳಿ ಪ್ರಭಾವಳಿ ಬರುತ್ತದೆ.

ಪ್ರಿಂಟಿಗೆ ಕಳಿಸುವ ಮುನ್ನ

ಹೆಸರು, ತಾರೀಕು, ಆಟದ ಊರು ಇವನ್ನು ಫೋಟೋದ ಮೇಲೆ ಬರೆಯಬೇಡಿ. ಚಿತ್ರವನ್ನು ಕೋರೆಲ್‌ಡ್ರಾಗೆ ತಂದು ಅಕ್ಷರ ಅಲ್ಲೇ ಹಾಕಿ. ಅಲ್ಲಿ ಅಕ್ಷರ ಎಷ್ಟು ದೊಡ್ಡದಾದರೂ ಅಂಚು ಕತ್ತರಿಸಿದಂತೆ ಇರುತ್ತದೆ. ಚೂಪಾದ ಅಕ್ಷರದ ಪಕ್ಕ ಮೆತ್ತನೆಯ ಚಿತ್ರ ಬೇಕೆಂದೇ ಹಾಗೆ ಮಾಡಿದಂತೆ ಕಾಣುತ್ತದೆ. ಮೇಳದ ಪೋಸ್ಟರಿಗೆ ಇದು ದೊಡ್ಡ ಆಸರೆ. ಕಳಿಸುವ ಮುಂಚೆ ಕಂಟ್ರೋಲ್ ಮತ್ತು 'ಕ್ಯೂ' ಒತ್ತಿ ಅಕ್ಷರವನ್ನು ಕರ್ವ್ ಮಾಡಿ. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಿಮ್ಮ ನುಡಿ ಫಾಂಟ್ ಇಲ್ಲದಿದ್ದರೆ ಊರ ಹೆಸರು ಇಂಗ್ಲಿಷ್ ಚಿಹ್ನೆಗಳಾಗಿ ಅಚ್ಚಾಗಿ ಬರುತ್ತದೆ. ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಚಿತ್ರ ಬಿಡಿ, ಅಕ್ಷರ ಅಂಚಿನಿಂದ ಅರ್ಧ ಇಂಚು ಒಳಗಿರಲಿ.

ಫೋಟೋ ಲ್ಯಾಬಿಗೆ ಎಸ್‌ಆರ್‌ಜಿಬಿ (ಪರದೆಯ ಬಣ್ಣದ ಲೆಕ್ಕ) ಜೆಪೆಗ್, ಕ್ವಾಲಿಟಿ 12. ಆಫ್‌ಸೆಟ್ ಪ್ರೆಸ್ಸಿಗೆ ಸಿಎಂವೈಕೆ (ನಾಲ್ಕು ಶಾಯಿಯ ಲೆಕ್ಕ). ಕಾಗದ ಮ್ಯಾಟ್ ಇರಲಿ. ಗ್ಲಾಸಿ ಕಾಗದ ಪ್ರತಿ ಚೌಕವನ್ನೂ ಎತ್ತಿ ತೋರಿಸುತ್ತದೆ. ಕ್ಯಾನ್ವಾಸ್ ಇನ್ನೂ ಉದಾರಿ, ಬಟ್ಟೆಯ ನೇಯ್ಗೆಯಲ್ಲಿ ಸಣ್ಣ ದೋಷ ಮುಚ್ಚುತ್ತದೆ. ಆದರೆ ಬದಿಗೆ ಮಡಚಲು ನಾಲ್ಕೂ ಕಡೆ 2 ಇಂಚು ಚಿತ್ರ ಬೇಕು, ಅದನ್ನು ಕ್ರಾಪ್ ಮಾಡುವಾಗಲೇ ಲೆಕ್ಕ ಹಿಡಿಯಿರಿ. ವಿನೈಲ್ ಆದರೆ 5 ಮಿಲಿಮೀಟರ್ ಸನ್‌ಬೋರ್ಡಿಗೆ ಅಂಟಿಸಿ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ, ಜಾತ್ರೆಯ ಬ್ಯಾನರಿಗೆ ಬಟ್ಟೆಯನ್ನೇ ಕೇಳಿ.

ಪರದೆ ಸ್ವತಃ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಅದಕ್ಕೇ ಪ್ರಿಂಟು ಯಾವಾಗಲೂ ಕಪ್ಪಾಗಿ ಬರುತ್ತದೆ. ಮಾನಿಟರಿನ ಬೆಳಕನ್ನು, ಪಕ್ಕದಲ್ಲಿಟ್ಟ ಬಿಳಿ ಕಾಗದಕ್ಕೆ ಸಮ ಕಾಣುವಷ್ಟು ಇಳಿಸಿ, ಆಮೇಲೆ ಚಿತ್ರದ ನಡುಬೆಳಕು ಸರಿಮಾಡಿ.

ಪೂರ್ತಿ ಪೋಸ್ಟರ್ ಹೊಡೆಸುವ ಮುಂಚೆ ಅದರದೇ ಒಂದು 8×10 ಇಂಚಿನ ತುಂಡು, ಒಂದು ಕಣ್ಣು, ಕೂದಲಿನ ಕಪ್ಪು, ಸೆರಗಿನ ಕೆಂಪು ಮೂರೂ ಬರುವಂತೆ ಕತ್ತರಿಸಿ, ಅಳತೆ ಬದಲಿಸದೆ ಪ್ರಿಂಟ್ ತೆಗೆಸಿ. ಇಡೀ ಪೋಸ್ಟರನ್ನು ಚಿಕ್ಕದು ಮಾಡಿ ತೆಗೆದ ಸ್ಯಾಂಪಲ್ ಏನನ್ನೂ ಹೇಳುವುದಿಲ್ಲ. ಚಿಕ್ಕದರಲ್ಲಿ ಎಲ್ಲವೂ ಚೂಪಾಗಿಯೇ ಇರುತ್ತದೆ. ಆ ತುಂಡನ್ನು ತೂಗುಹಾಕುವ ಗೋಡೆಗೇ ಅಂಟಿಸಿ, ಅಲ್ಲಿನ ದೀಪದಲ್ಲೇ, ಮಂದಿ ನಿಲ್ಲುವ ದೂರದಿಂದಲೇ ನೋಡಿ. ಕೂದಲು ಒಂದೇ ಕಪ್ಪು ಮುದ್ದೆಯಾಗಿದ್ದರೆ ನೆರಳನ್ನು ಎತ್ತಿ, ಮುಖ ಮರಳು ಮರಳಾಗಿದ್ದರೆ ಕಾಳನ್ನು 2ಕ್ಕೆ ಇಳಿಸಿ.

ಹಿರಿಯರ ಫೋಟೋಕ್ಕೆ ಚೌಕಟ್ಟು ಹಾಕಿಸುವಾಗ ಗಾಜಿಗೂ ಪ್ರಿಂಟಿಗೂ ನಡುವೆ ದಪ್ಪ ಮೌಂಟ್ ಇಡಿಸಿ. ತಾಗಿಕೊಂಡಿದ್ದರೆ ಮಳೆಗಾಲದ ಪಸೆಗೆ ಪ್ರಿಂಟು ಗಾಜಿಗೆ ಅಂಟುತ್ತದೆ, ಬಿಡಿಸುವಾಗ ಬಣ್ಣ ಗಾಜಿನ ಜೊತೆ ಎದ್ದು ಬರುತ್ತದೆ. ಗಾಜಿನ ಮೇಲೆ ವಿಭೂತಿ, ಕುಂಕುಮ ಹಚ್ಚುತ್ತಾರೆ, ಅಮಾವಾಸ್ಯೆಗೆ ಒದ್ದೆ ಬಟ್ಟೆಯಿಂದ ಒರೆಸುತ್ತಾರೆ; ನೀರು ಇಳಿದು ಸೇರುವುದು ಕೆಳಗಿನ ಅಂಚಿನಲ್ಲಿ. ಆ ಅಂಚಿಗೆ ಒಳಗಿನಿಂದ ಟೇಪ್ ಹಚ್ಚಿಸಿಯೇ ಹಿಂದಿನ ಹಲಗೆ ಮುಚ್ಚಿಸಿ.